‘ದೇವರು ಮುನಿಯುತ್ತಾನೆ’ ಅಂದರೆ ಕೇಸ್ ಆಗುತ್ತಾ?

ಮತಾಂತರ ಕಾಯ್ದೆಯ ಸುದ್ದಿ ಬಂದಾಗಲೆಲ್ಲ ಒಂದು ಮಾತು ಓದುವವರ ತಲೆ ಕೆಡಿಸುತ್ತದೆ. ಕರ್ನಾಟಕದ 2022ರ ಕಾಯ್ದೆ ‘ಆಮಿಷ’ ಅಂದರೆ ಏನೇನು ಅಂತ ಒಂದು ಪಟ್ಟಿ ಕೊಡುತ್ತದೆ. ಉಡುಗೊರೆ, ದುಡ್ಡು, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಪುಕ್ಕಟೆ ಓದು, ಮದುವೆಯಾಗುತ್ತೇನೆ ಅನ್ನುವ ಮಾತು. ಇಷ್ಟೂ ಅರ್ಥವಾಗುತ್ತದೆ. ಆಮೇಲೆ, ಒಳ್ಳೆಯ ಬದುಕಿನ ಆಸೆ ತೋರಿಸುವುದರ ಪಕ್ಕದಲ್ಲೇ, ದೇವರ ಅವಕೃಪೆಯೂ ಬಂದು ಕೂತಿದೆ. ಅಂದರೆ ದೇವರು ಮುನಿಯುತ್ತಾನೆ ಅನ್ನುವ ಮಾತು. ದೇವರ ಸಿಟ್ಟು ಆಮಿಷ ಹೇಗಾಗುತ್ತೆ? ಆಮಿಷ ಅಂದರೆ ಏನನ್ನೋ ಕೊಡುತ್ತೇನೆ ಅಂತ ಕರೆಯುವುದು. ಸಿಟ್ಟನ್ನು ಯಾರಾದರೂ ಬೇಕು ಅಂತ ಕೈಯೊಡ್ಡಿ ತಗೊಳ್ತಾರಾ?

ಇದರ ಜೊತೆಗೆ ಇನ್ನೊಂದು ಗೊಂದಲ. 2024ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಇಟಲಿಯ ಟೀವಿ ಸಂದರ್ಶನವೊಂದರಲ್ಲಿ, ನರಕ ಖಾಲಿ ಇದೆ ಅಂದುಕೊಳ್ಳುವುದು ನನಗೆ ಇಷ್ಟ ಅಂದರು. ಇತ್ತ ಇನ್ನೊಬ್ಬ ಬೋಧಕರು ದೇವರ ಕೋಪ ಬಾಗಿಲಲ್ಲೇ ನಿಂತಿದೆ ಅನ್ನುತ್ತಾರೆ. ಇಬ್ಬರ ಕೈಯಲ್ಲೂ ಇರುವುದು ಬೈಬಲ್ಲೇ. ಹಾಗಾದರೆ ಕ್ರೈಸ್ತರ ದೇವರು ಸಿಟ್ಟಿನವನೋ, ಕರುಣೆಯವನೋ?

ಈ ಪ್ರಶ್ನೆ ಕೇಳುವ ರೀತಿಯಲ್ಲೇ ಸ್ವಲ್ಪ ಎಡವಟ್ಟಿದೆ. ಸಿಟ್ಟು ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಯಾರ ಮೇಲೆ ಸಿಟ್ಟು, ಯಾರ ಪರವಾಗಿ ಸಿಟ್ಟು ಅಂತ ಕೇಳಿದರೆ ಬೈಬಲ್ಲೂ ಅರ್ಥವಾಗುತ್ತದೆ, ಚರ್ಚುಗಳ ಜಗಳವೂ ಅರ್ಥವಾಗುತ್ತದೆ, ಕಾನೂನು ಎಲ್ಲಿ ಮುಗ್ಗರಿಸುತ್ತದೆ ಅನ್ನುವುದೂ ಕಾಣುತ್ತದೆ.

ಕಾನೂನಿಗೆ ಈ ಮಾತು ಬಂದದ್ದು ಎಲ್ಲಿಂದ?

ಇದು ಕರ್ನಾಟಕದವರ ಕಲ್ಪನೆ ಅಲ್ಲ. ಒಡಿಶಾದ 1967ರ ಕಾಯ್ದೆಯಲ್ಲೇ ದೇವರ ಅವಕೃಪೆಯ ಬೆದರಿಕೆ ಅನ್ನುವ ಮಾತು ಇತ್ತು. ಆದರೆ ಅಲ್ಲಿ ಅದು ‘ಬಲವಂತ’ ಅನ್ನುವುದರ ಕೆಳಗಿತ್ತು. ಸಮಾಜದಿಂದ ಹೊರಗೆ ಹಾಕುತ್ತೇವೆ ಅನ್ನುವ ಬೆದರಿಕೆ, ದೇವರು ಶಿಕ್ಷಿಸುತ್ತಾನೆ ಅನ್ನುವ ಬೆದರಿಕೆ, ಎರಡೂ ಒಂದೇ ಜಾತಿಯವು ಅಂತ. ಒಪ್ಪಲಿ ಬಿಡಲಿ, ಅದರಲ್ಲೊಂದು ತರ್ಕ ಇದೆ. 1972ರಲ್ಲಿ ಅಲ್ಲಿನ ಹೈಕೋರ್ಟ್ ಆ ಕಾಯ್ದೆಯನ್ನು ರದ್ದು ಮಾಡಿತು. 1977ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿ, ಮಧ್ಯಪ್ರದೇಶದ 1968ರ ಕಾಯ್ದೆಯ ಜೊತೆಗೆ ಇದನ್ನೂ ಎತ್ತಿ ಹಿಡಿಯಿತು. ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಅನ್ನುವುದು ಆ ತೀರ್ಪಿನ ತಿರುಳು.

ಇತ್ತೀಚಿನ ಕಾಯ್ದೆಗಳಲ್ಲಿ ಈ ಮಾತು ಮನೆ ಬದಲಾಯಿಸಿತು. ಉತ್ತರ ಪ್ರದೇಶದ 2021ರ ಕಾಯ್ದೆಯಲ್ಲೂ ನಮ್ಮ 2022ರ ಕಾಯ್ದೆಯಲ್ಲೂ ಅದು ಬಲವಂತದಿಂದ ಎದ್ದು ಆಮಿಷದ ಸಾಲಿಗೆ ಬಂದು ಕೂತಿತು. ಓದುವವರಿಗೆ ಎಡವುವುದು ಇಲ್ಲೇ. ಹೆದರಿಸುವುದನ್ನೂ ಆಸೆ ತೋರಿಸುವುದನ್ನೂ ಒಂದೇ ಚೀಲಕ್ಕೆ ತುಂಬಿದರೆ ಮತ್ತೇನಾಗುತ್ತೆ!

ಶಿಕ್ಷೆ ಸಣ್ಣದಲ್ಲ. ನಮ್ಮ ಕಾಯ್ದೆಯಲ್ಲಿ 3ರಿಂದ 5 ವರ್ಷ ಜೈಲು, 25,000 ರೂಪಾಯಿ ದಂಡ. ಮತಾಂತರವಾದವರು ಹೆಂಗಸು, ಅಪ್ರಾಪ್ತರು, ಪರಿಶಿಷ್ಟ ಜಾತಿ ಪಂಗಡದವರು ಆಗಿದ್ದರೆ 10 ವರ್ಷದವರೆಗೂ ಹೋಗುತ್ತದೆ. ತಪ್ಪು ಮಾಡಿಲ್ಲ ಅಂತ ತೋರಿಸುವ ಹೊರೆ ಆರೋಪಿಯ ಮೇಲೆ. ದೂರು ಕೊಡಲು ಮತಾಂತರವಾದವರೇ ಬೇಕಿಲ್ಲ. ಅಪ್ಪ ಅಮ್ಮ, ಅಣ್ಣ ತಮ್ಮ, ನೆಂಟರು ಸಾಕು. ಜೊತೆಗೆ ಕೆಲಸ ಮಾಡುವವರೂ ಆಗುತ್ತದೆ. 2023ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಈ ಕಾಯ್ದೆಯನ್ನು ವಾಪಸ್ ಪಡೆಯುವ ತೀರ್ಮಾನ ಮಾಡಿತು. ಆದರೆ ಇಂಥದ್ದೇ ಕಾಯ್ದೆಗಳು ಹಲವು ರಾಜ್ಯಗಳಲ್ಲಿವೆ, ಅವುಗಳ ವಿರುದ್ಧದ ಅರ್ಜಿಗಳು ಸುಪ್ರೀಂ ಕೋರ್ಟಿಗೂ ಹೋಗಿವೆ. ಹಾಗಾಗಿ ಈ ಮಾತು ಸುದ್ದಿಯಲ್ಲಿ ಮತ್ತೆ ಮತ್ತೆ ತೇಲುತ್ತಲೇ ಇರುತ್ತದೆ.

ಮುನಿಸು ನಮಗೆ ಹೊಸದೇನಲ್ಲ

ಹಾಸನದವರಿಗೆ ದೇವರ ಕೋಪವನ್ನು ಯಾರೂ ಹೊರಗಿನಿಂದ ಬಂದು ಪರಿಚಯ ಮಾಡಿಸಬೇಕಾಗಿಲ್ಲ. ಹಾಸನಾಂಬೆ ಅಂದರೆ ನಗುಮುಖದ ತಾಯಿ. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ, ಕೆಲವೇ ದಿನ ಬಾಗಿಲು ತೆರೆಯುತ್ತದೆ. ಆ ನಗುವ ತಾಯಿಯ ಬಗ್ಗೆ ಹೇಳುವ ಒಂದು ಕತೆಯಲ್ಲೇ ಸೊಸೆಗೆ ಹೊಡೆದ ಅತ್ತೆ ಕಲ್ಲಾದಳು, ಒಡವೆ ಕದಿಯಲು ಬಂದ ಕಳ್ಳರು ಕಲ್ಲಾದರು. ಯಾರ ಮೇಲೆ ಮುನಿದಳು ನೋಡಿ. ಹೊಡೆಸಿಕೊಂಡವಳ ಮೇಲಲ್ಲ, ಹೊಡೆದವಳ ಮೇಲೆ. ಕತೆ ಹೇಳುವವರು ಇದನ್ನು ಬಿಡಿಸಿ ಹೇಳುವುದಿಲ್ಲ, ಕೇಳುವವರಿಗೆ ಸುಮ್ನೆ ಗೊತ್ತಾಗುತ್ತದೆ.

‘ಒಲಿದರೆ ನಾರಿ, ಮುನಿದರೆ ಮಾರಿ’ ಅನ್ನುವುದೂ ‘ಹರ ಕೊಲ್ಲಲ್ ಪರ ಕಾಯ್ವನೇ’ ಅನ್ನುವುದೂ ನಮ್ಮ ಬಾಯಲ್ಲಿ ಓಡಾಡುವ ಮಾತುಗಳೇ. ಕನ್ನಡದಲ್ಲಿ ಬೈಬಲ್ ಓದುವವರು ಈ ಮಾತುಗಳನ್ನು ಹೊಸಿಲಾಚೆ ಬಿಟ್ಟು ಚರ್ಚಿನ ಒಳಗೆ ಹೋಗುವುದಿಲ್ಲ. ಅವೂ ಜೊತೆಗೇ ಹೋಗುತ್ತವೆ.

ಈ ಸೀಮೆಯಲ್ಲಿ ಕ್ರೈಸ್ತ ನಂಬಿಕೆಗೆ ಇನ್ನೂರು ವರ್ಷ ದಾಟಿದೆ. ಫ್ರೆಂಚ್ ಪಾದ್ರಿ ದುಬ್ವಾ ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ರೈತರ ನೆಲೆ ಕಟ್ಟಿಸಿದ್ದು 19ನೇ ಶತಮಾನದ ಮೊದಲ ಭಾಗದಲ್ಲಿ. ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವರೂ ಅವರೇ. ಸಿಡುಬನ್ನು ಅಮ್ಮನ ಮುನಿಸು ಅನ್ನುತ್ತಿದ್ದ ಕಾಲ ಅದು. ಚಿಕ್ಕಮಗಳೂರು ಧರ್ಮಪ್ರಾಂತ್ಯ ಬೇರೆಯಾಗಿದ್ದು 1963ರಲ್ಲಿ, ಹಾಸನ ಜಿಲ್ಲೆಯೂ ಅದಕ್ಕೇ ಸೇರಿದೆ. ಕೆಥೋಲಿಕರು, ಸಿಎಸ್‌ಐ ಅಂದರೆ ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟಂಟರು, ಸಣ್ಣಪುಟ್ಟ ಪ್ರಾರ್ಥನಾ ಮಂದಿರಗಳವರು, ಎಲ್ಲ ಇದ್ದಾರೆ. ಒಬ್ಬರು ಸರ್ವೇಶ್ವರ ಅಂದರೆ ಇನ್ನೊಬ್ಬರು ಯೆಹೋವ ಅನ್ನುತ್ತಾರೆ. ಕೋಪದ ವಿಷಯದಲ್ಲೂ ಎಲ್ಲರದೂ ಒಂದೇ ಮಾತಲ್ಲ.

ಮೂಗು ಮತ್ತು ಕರುಳು

ಬೈಬಲಿನ ಹಳೆಯ ಒಡಂಬಡಿಕೆ ಬಹುಪಾಲು ಇರುವುದು ಹೀಬ್ರೂ ಭಾಷೆಯಲ್ಲಿ. ಅದರಲ್ಲಿ ಕೋಪಕ್ಕೆ ಜಾಸ್ತಿ ಬಳಸುವ ಪದ ‘ಅಫ್’. ಅದರ ಇನ್ನೊಂದು ಅರ್ಥ ಮೂಗು. ಕನ್ನಡದವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ‘ಮೂಗಿನ ತುದೀಲೇ ಸಿಟ್ಟು’ ಅನ್ನುವವರು ನಾವು. ಸಿಟ್ಟು ಬಂದವರ ಮೂಗಿನ ಹೊಳ್ಳೆ ಅರಳುತ್ತದೆ, ಉಸಿರು ಬಿಸಿಯಾಗುತ್ತದೆ. ದೇವರಿಗೆ ಬೇಗ ಸಿಟ್ಟು ಬರುವುದಿಲ್ಲ ಅನ್ನುವುದಕ್ಕೆ ಹೀಬ್ರೂ ಹೇಳುವುದು ‘ಉದ್ದ ಮೂಗಿನವನು’ ಅಂತ. ಸಿಟ್ಟು ಮೂಗಿನ ತುದಿಗೆ ಬರುವಷ್ಟರಲ್ಲಿ ಬಹಳ ಹೊತ್ತಾಗುತ್ತದೆ ಅಂತ ಇಟ್ಟುಕೊಳ್ಳಿ. ಕನ್ನಡ ಬೈಬಲ್ ಇದನ್ನೇ ‘ದೀರ್ಘಶಾಂತ’ ಅಂದಿತು. ಒಳ್ಳೆಯ ಪದವೇ, ಆದರೆ ಮೂಗು ಕಳೆದುಹೋಯಿತು.

ಕರುಣೆಗೆ ಹೀಬ್ರೂವಿನಲ್ಲಿ ‘ರಹಮೀಂ’ ಅನ್ನುತ್ತಾರೆ. ‘ರೆಹೆಂ’ ಅಂದರೆ ಗರ್ಭ, ಇದೂ ಅದೂ ಒಂದೇ ಬೇರಿನವು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಯೇಸು ಜನರನ್ನು ನೋಡಿ ಕನಿಕರಪಟ್ಟ ಅನ್ನುವ ಕಡೆ ಬರುವ ಕ್ರಿಯಾಪದ ಹುಟ್ಟಿದ್ದು ಕರುಳು ಅನ್ನುವ ಪದದಿಂದ. ಅಕ್ಷರಶಃ ಕರುಳು. ಒಬ್ಬಳೇ ವಿಧವೆಯ ಒಬ್ಬನೇ ಮಗನ ಹೆಣ ಊರ ಬಾಗಿಲಲ್ಲಿ ಎದುರಾದಾಗ, ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಸಮಾರ್ಯದವನು ಕಂಡಾಗ, ಆಸ್ತಿ ಹಾಳುಮಾಡಿ ಹಂದಿ ಮೇಯಿಸಿ ವಾಪಸ್ ಬರುವ ಮಗ ದೂರದಲ್ಲೇ ಅಪ್ಪನ ಕಣ್ಣಿಗೆ ಬಿದ್ದಾಗ, ಯೇಸುವಿನ ಕತೆ ಬರೆದ ಲೂಕ ಮೂರೂ ಕಡೆ ಅದೇ ಪದ ಇಡುತ್ತಾನೆ. ‘ಕರುಳು ಚುರ್ ಅಂತು’ ಅಂದರೆ ಮುಗಿಯಿತು, ಇದಕ್ಕಿಂತ ಒಳ್ಳೆಯ ಅನುವಾದ ಸಿಗಲಾರದು.

ಆ ಅಪ್ಪ ಮಗನ ಕತೆಯಲ್ಲಿ ಸಿಟ್ಟಾದವನು ಒಬ್ಬನಿದ್ದಾನೆ. ಅದು ಅಪ್ಪನಲ್ಲ, ದೊಡ್ಡ ಮಗ. ‘ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ’ ಅಂತ ಒಳಗೆ ಬರದೆ ಹೊರಗೇ ನಿಲ್ಲುತ್ತಾನೆ. ಆಸ್ತಿ ಪಾಲಿನ ಜಗಳ ನೋಡಿದ ಯಾವ ಊರಿನವರಿಗಾದರೂ ಅವನ ಮಾತಿನಲ್ಲಿ ನ್ಯಾಯ ಕಾಣುತ್ತದೆ, ಅಲ್ವಾ?

ಕರುಣೆಯ ಬಗ್ಗೆ ತಕರಾರು ಮಾಡಿದ ಪ್ರವಾದಿ

ಹಳೆಯ ಒಡಂಬಡಿಕೆ ಸಿಟ್ಟಿನದ್ದು, ಹೊಸದು ಪ್ರೀತಿಯದ್ದು ಅಂತ ಸುಲಭವಾಗಿ ಹೇಳಿಬಿಡುವವರಿದ್ದಾರೆ. 144ರ ಸುಮಾರಿಗೆ ರೋಮ್‌ನಲ್ಲಿ ಮಾರ್ಸಿಯನ್ ಅನ್ನುವವನು ಇದನ್ನೇ ತುದಿಯವರೆಗೆ ಎಳೆದ. ಎರಡು ದೇವರುಗಳಿದ್ದಾರೆ, ಹಳೆಯವನು ಬೇರೆ, ಯೇಸುವಿನ ತಂದೆ ಬೇರೆ ಅಂದ. ಸಭೆ, ಅಂದರೆ ಆಗಿನ ಚರ್ಚು, ಅವನನ್ನು ಹೊರಗೆ ಹಾಕಿತು. ಹೊರಗೆ ಹಾಕಿದ ಮೇಲೆ ಸಭೆಯ ಮೇಲೇ ಒಂದು ಜವಾಬ್ದಾರಿ ಬಿತ್ತು. ಒಬ್ಬನೇ ದೇವರು ಅಂದ ಮೇಲೆ ಅವನ ಕೋಪಕ್ಕೂ ಕರುಣೆಗೂ ಒಂದೇ ಮನೆಯಲ್ಲಿ ಜಾಗ ಮಾಡಿಕೊಡಬೇಕಲ್ಲ. ಮುಂದಿನ ಎರಡು ಸಾವಿರ ವರ್ಷದ ವಾದವೆಲ್ಲ ಇಲ್ಲಿಂದಲೇ.

ಹಳೆಯ ಒಡಂಬಡಿಕೆಯಲ್ಲೇ ಇದು ಎಷ್ಟು ಜಟಿಲ ಅಂತ ನೋಡಲು ಪ್ರವಾದಿ ಯೋನನ ಕತೆ ಸಾಕು. ನಿನೆವೆಗೆ ಹೋಗಿ ಸಾರು ಅಂತ ದೇವರು ಹೇಳಿದರೆ ಅವನು ಓಡಿಹೋದದ್ದು, ದೊಡ್ಡ ಮೀನು ಅವನನ್ನು ನುಂಗಿದ್ದು ಎಲ್ಲರಿಗೂ ಗೊತ್ತು. ಅಸಲಿ ಮಜಾ ಆಮೇಲಿದೆ. ನಿನೆವೆ ಶತ್ರುಗಳ ಪಟ್ಟಣ. ಇನ್ನು 40 ದಿನಕ್ಕೆ ಈ ಊರು ನಾಶ ಅಂತ ಯೋನ ಬೀದಿಯಲ್ಲಿ ಸಾರುತ್ತಾನೆ. (ಈಗಿನ ಕಾಯ್ದೆಯ ಪ್ರಕಾರ ದೇವರ ಅವಕೃಪೆಯ ಮಾತು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಆಡಲಾರರು.) ಜನ ಹೆದರಿ ಗೋಣಿತಟ್ಟು ಉಟ್ಟು ಉಪವಾಸ ಕೂರುತ್ತಾರೆ, ದನಕರುಗಳಿಗೂ ಉಪವಾಸ. ದೇವರು ಮನಸ್ಸು ಬದಲಾಯಿಸುತ್ತಾನೆ. ಊರು ಉಳಿಯುತ್ತದೆ.

ಯೋನನಿಗೆ ಕೆಂಡದಂಥ ಕೋಪ. ‘ನೀನು ಕನಿಕರದವನು, ಬೇಗ ಸಿಟ್ಟಾಗುವವನಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ನಾನು ಓಡಿಹೋಗಿದ್ದು’ ಅಂತ ದೇವರ ಮೇಲೇ ರೇಗುತ್ತಾನೆ. ವಿಮೋಚನಕಾಂಡದಲ್ಲಿ ದೇವರು ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು ಅದು, ಭಕ್ತರು ಸ್ತುತಿಯಾಗಿ ಹೇಳುವ ಮಾತು. ಯೋನ ಅದನ್ನೇ ದೂರು ಅರ್ಜಿಯ ಹಾಗೆ ಓದುತ್ತಾನೆ. ಆಮೇಲೆ ಅವನಿಗೆ ನೆರಳು ಕೊಟ್ಟಿದ್ದ ಸೋರೆಗಿಡ ಒಣಗುತ್ತದೆ, ಅದಕ್ಕೂ ಸಿಟ್ಟು. ಆಗ ದೇವರು ಕೇಳುತ್ತಾನೆ: ನೀನು ನೆಡದ, ನೀರು ಹಾಕದ ಗಿಡಕ್ಕೆ ಇಷ್ಟು ಮರುಗುತ್ತೀಯಲ್ಲ, ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಜಾಸ್ತಿ ಜನ, ಮತ್ತೆ ಅಷ್ಟೊಂದು ದನಗಳು ಇರುವ ಊರಿಗೆ ನಾನು ಮರುಗಬಾರದಾ? ಪುಸ್ತಕ ಅಲ್ಲಿಗೇ ಮುಗಿಯುತ್ತದೆ. ಯೋನ ಏನಂದ ಅಂತ ಬರೆದಿಲ್ಲ.

ಇಡೀ ಕತೆಯಲ್ಲಿ ಕೊನೆಯವರೆಗೂ ಸಿಟ್ಟು ಬಿಡದವನು ಬೋಧಕ ಒಬ್ಬನೇ.

ಸಿಟ್ಟೇ ಇಲ್ಲದ ದೇವರು ಬೇಕಾ?

ಹಾಗಂತ ಕೋಪವನ್ನು ಒರೆಸಿಹಾಕಿಬಿಡೋಣ ಅಂದರೆ ಅದೂ ಸುಲಭವಲ್ಲ. ಗ್ರೀಕ್ ತತ್ವಜ್ಞಾನಿಗಳಲ್ಲಿ ಹಲವರಿಗೆ ದೇವರಿಗೆ ಸಿಟ್ಟು ಬರುತ್ತದೆ ಅನ್ನುವುದೇ ಅವಮಾನದ ಮಾತು. 4ನೇ ಶತಮಾನದ ಶುರುವಿನಲ್ಲಿ ಲಕ್ಟಾಂಟಿಯಸ್ ಅನ್ನುವ ಕ್ರೈಸ್ತ ಬರಹಗಾರ ಇದಕ್ಕೆ ತಿರುಗಿಬಿದ್ದ. ಕೆಟ್ಟದ್ದನ್ನು ನೋಡಿ ಸಿಟ್ಟಾಗದವನು ಒಳ್ಳೆಯದನ್ನು ಪ್ರೀತಿಸುವುದಾದರೂ ಹೇಗೆ ಅನ್ನುವುದು ಅವನ ವಾದ. ಆಮೇಲೆ ಬಂದ ಕ್ರೈಸ್ತ ಚಿಂತಕ ಆಗಸ್ಟೀನ್ ನಡುವಿನ ದಾರಿ ಹಿಡಿದ. ದೇವರ ಕೋಪ ಅಂದರೆ ನಮ್ಮ ಹಾಗೆ ರಕ್ತ ಕುದಿಯುವುದಲ್ಲ, ಅದು ನ್ಯಾಯತೀರ್ಪಿಗೆ ಇಟ್ಟ ಹೆಸರು ಅಂದ. ಹೊಸ ಒಡಂಬಡಿಕೆಯಲ್ಲಿರುವ ಬೋಧಕ ಪೌಲನ ಪತ್ರದಲ್ಲಿ ಇನ್ನೊಂದು ಬಗೆ ಇದೆ. ದೇವರು ಸಿಟ್ಟಾಗಿ ಏನೂ ಮಾಡುವುದಿಲ್ಲ, ಜನರನ್ನು ಅವರ ದಾರಿಗೇ ಬಿಟ್ಟುಬಿಡುತ್ತಾನೆ. ಮಾಡಿದ್ದುಣ್ಣೋ ಮಹರಾಯ ಅಂತೀವಲ್ಲ, ಹೆಚ್ಚುಕಡಿಮೆ ಹಾಗೆ.

ಯೇಸುವಿನ ಬದುಕಿನ ಕತೆ ಹೇಳುವ ಸುವಾರ್ತೆಗಳಲ್ಲಿ ಅವನೂ ಸಿಟ್ಟಾಗುತ್ತಾನೆ. ಯಾವಾಗ ಅನ್ನುವುದನ್ನು ಗಮನಿಸಬೇಕು. ಕೈ ಬತ್ತಿಹೋದವನನ್ನು ವಾಸಿ ಮಾಡುತ್ತಾನೋ ಇಲ್ಲವೋ, ಮಾಡಿದರೆ ತಪ್ಪು ಹೊರಿಸೋಣ ಅಂತ ಧರ್ಮಪಾಲಕರು ಕಾದು ಕೂತಾಗ. ಮಕ್ಕಳು ಹತ್ತಿರ ಬರದಂತೆ ತನ್ನ ಶಿಷ್ಯರೇ ಅಡ್ಡ ನಿಂತಾಗ. ದೇವಾಲಯದ ಅಂಗಳದಲ್ಲಿ ವ್ಯಾಪಾರದ ಮೇಜು ಉರುಳಿಸಿದ್ದು ಗೊತ್ತೇ ಇದೆ. ಸೂಳೆಯರು, ಸುಂಕದವರು, ಕುಷ್ಠರೋಗಿಗಳ ಮೇಲೆ ಹೀಗೆ ಸಿಡಿದದ್ದು ಸುವಾರ್ತೆಗಳಲ್ಲಿ ಎದ್ದು ಕಾಣುವುದಿಲ್ಲ. ಕೋಪಕ್ಕೆ ಒಂದು ದಿಕ್ಕಿದೆ ಅನ್ನುವುದು ಇದಕ್ಕೇ.

ಶಿಲುಬೆಯ ಮೇಲೆ ನಡೆದದ್ದೇನು?

ಚರ್ಚುಗಳ ನಡುವಿನ ನಿಜವಾದ ಜಗಳ ಇಲ್ಲಿದೆ. ಯೇಸು ಸತ್ತದ್ದು ನಮ್ಮ ಪಾಪಕ್ಕಾಗಿ ಅಂತ ಎಲ್ಲರೂ ಹೇಳುತ್ತಾರೆ. ಆ ಸಾವಿನಿಂದ ಆದದ್ದೇನು ಅಂದರೆ ಉತ್ತರ ಬೇರೆ ಬೇರೆ.

11ನೇ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಅನ್ನುವ ಧರ್ಮಪಂಡಿತ ಹೇಳಿದ್ದು ಗೌರವದ ಲೆಕ್ಕ. ಪಾಪ ದೇವರ ಮಾನಕ್ಕೆ ಬಿದ್ದ ಪೆಟ್ಟು, ಅದನ್ನು ತುಂಬಿಕೊಡುವ ಶಕ್ತಿ ಮನುಷ್ಯನಿಗಿಲ್ಲ, ದೇವಮಾನವನೇ ತುಂಬಿಕೊಡಬೇಕು. 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕರ ಕಾಲಕ್ಕೆ ಇದು ಕೋರ್ಟಿನ ಭಾಷೆಗೆ ಬಂತು. ಶಿಕ್ಷೆ ಆಗಲೇಬೇಕು, ನಮ್ಮ ಬದಲು ಯೇಸು ಅನುಭವಿಸಿದ, ದೇವರ ಕೋಪ ಅಲ್ಲಿಗೆ ತೀರಿತು. ಪ್ರಾರ್ಥನಾ ಕೂಟಗಳಲ್ಲಿ, ಯೂಟ್ಯೂಬ್ ಬೋಧನೆಗಳಲ್ಲಿ ಜಾಸ್ತಿ ಕೇಳಿಬರುವುದು ಇದೇ. ಕೇಳಿದ ತಕ್ಷಣ ಅರ್ಥವಾಗುತ್ತದೆ, ಜಾಮೀನು ನಿಂತವನು ಸಾಲ ತೀರಿಸಿದ ಹಾಗೆ.

ಇದಕ್ಕೆ ಎದುರು ನಿಂತವರು ಕೇಳುವುದು: ಅಪ್ಪನ ಸಿಟ್ಟು ತಣಿಯಲು ಮಗನ ರಕ್ತ ಬೇಕಾಯಿತು ಅಂದರೆ ಅಪ್ಪ ಯಾವ ಥರದವನು? ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈ ಲೆಕ್ಕಕ್ಕೆ ಹೋಗುವುದೇ ಕಡಿಮೆ. ಅವರಿಗೆ ಶಿಲುಬೆ ಅಂದರೆ ಸಾವನ್ನು ಗೆದ್ದ ಜಾಗ. 1930ರಲ್ಲಿ ಸ್ವೀಡನ್ನಿನ ಧರ್ಮಪಂಡಿತ ಗುಸ್ತಾಫ್ ಔಲೆನ್, ಮೊದಲ ಸಭೆಯ ನಂಬಿಕೆಯೂ ಇದೇ ಆಗಿತ್ತು ಅಂತ ವಾದಿಸಿದರು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸಿ.ಎಚ್. ಡಾಡ್, ಪೌಲ ಬಳಸಿದ ಒಂದು ಗ್ರೀಕ್ ಪದದ ಅರ್ಥ ದೇವರನ್ನು ತಣಿಸುವುದಲ್ಲ, ಪಾಪವನ್ನು ತೊಳೆಯುವುದು ಅಂದರು. ಒಂದು ಪದಕ್ಕೆ ಇಷ್ಟು ಗಲಾಟೆ ಯಾಕೆ ಅನಿಸಬಹುದು. ತಣಿಸುವುದು ಅಂದರೆ ಬದಲಾಗಬೇಕಾದವನು ದೇವರು, ತೊಳೆಯುವುದು ಅಂದರೆ ಬದಲಾಗಬೇಕಾದವರು ನಾವು. ವ್ಯತ್ಯಾಸ ಅಷ್ಟು ದೊಡ್ಡದು.

ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚಿನ ಸಮಿತಿಯೊಂದು 2013ರಲ್ಲಿ ಬಂದ ಹೊಸ ಗೀತೆಪುಸ್ತಕ ಮಾಡುವಾಗ, ಬಹಳ ಜನಪ್ರಿಯವಾದ ಒಂದು ಹಾಡನ್ನೇ ಕೈಬಿಟ್ಟಿತು. ಶಿಲುಬೆಯಲ್ಲಿ ದೇವರ ಕೋಪ ತಣಿಯಿತು ಅನ್ನುವ ಸಾಲು ಅದರಲ್ಲಿತ್ತು. ಕೋಪದ ಜಾಗದಲ್ಲಿ ಪ್ರೀತಿ ಅಂತ ಹಾಕೋಣ ಅಂದರೆ ಬರೆದವರು ಒಪ್ಪಲಿಲ್ಲ. ಮತಕ್ಕೆ ಹಾಕಿದರು, 9–6ರಲ್ಲಿ ಹಾಡು ಹೊರಗೆ ಹೋಯಿತು.

ಪೋಪ್ ನರಕ ಮುಚ್ಚಿದರಾ?

ಇಲ್ಲ. ಆ ಸಂದರ್ಶನದಲ್ಲಿ ಫ್ರಾನ್ಸಿಸ್ ಮೊದಲೇ ಹೇಳಿದ್ದರು, ಇದು ಸಭೆಯ ಸಿದ್ಧಾಂತ ಅಲ್ಲ, ನನ್ನ ಸ್ವಂತ ಅನಿಸಿಕೆ ಅಂತ. ಖಾಲಿ ಇದೆ ಅಂತ ಹೇಳಿದ್ದಲ್ಲ, ಖಾಲಿ ಇರಲಿ ಅಂತ ಆಸೆಪಟ್ಟದ್ದು. 2018ರಲ್ಲೂ ಇಟಲಿಯ ಪತ್ರಿಕೆಯೊಂದು, ನರಕವೇ ಇಲ್ಲ ಅಂತ ಪೋಪ್ ಹೇಳಿದರು ಅಂತ ಬರೆದಾಗ ವ್ಯಾಟಿಕನ್ ಅದು ಅವರ ಮಾತಿನ ನಿಷ್ಠ ವರದಿಯಲ್ಲ ಅಂತ ಹೇಳಬೇಕಾಯಿತು. ಕೆಥೋಲಿಕ್ ಸಭೆಯ ಅಧಿಕೃತ ಬೋಧನೆಯಲ್ಲಿ ನರಕ ಈಗಲೂ ಇದೆ.

ಆದರೆ ಒತ್ತು ಬದಲಾಗಿದ್ದು ನಿಜ. 2015ರ ಡಿಸೆಂಬರಿನಿಂದ 2016ರ ನವೆಂಬರಿನವರೆಗೆ ಕರುಣೆಯ ಜೂಬಿಲಿ ವರ್ಷ ಮಾಡಿದರು. 2018ರ ಆಗಸ್ಟ್‌ನಲ್ಲಿ ಮರಣದಂಡನೆ ಒಪ್ಪತಕ್ಕದ್ದಲ್ಲ ಅಂತ ಧರ್ಮೋಪದೇಶದ ಪಠ್ಯವನ್ನೇ ತಿದ್ದಿದರು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯಲ್ಲಿ ಶೋಧನೆಯ, ಅಂದರೆ ಪಾಪದ ಸೆಳೆತದ, ಸಾಲು ಬರುತ್ತದಲ್ಲ, ಅದು ಇಟಾಲಿಯನ್ನಿನಲ್ಲಿ ದೇವರೇ ನಮ್ಮನ್ನು ಶೋಧನೆಗೆ ತಳ್ಳುವಂತೆ ಕೇಳುತ್ತಿತ್ತು. ಕೈಬಿಡಬೇಡ ಅನ್ನುವ ಅರ್ಥಕ್ಕೆ ಬದಲಾಯಿಸಿ 2020ರಿಂದ ಪೂಜೆಯಲ್ಲಿ ಬಳಸತೊಡಗಿದರು. 2025ರ ಮೇ 8ರಂದು ಆಯ್ಕೆಯಾದ ಪೋಪ್ ಲಿಯೊ ಕೂಡ ಮೊದಲ ದಿನವೇ ದೇವರು ಎಲ್ಲರನ್ನೂ ಪ್ರೀತಿಸುತ್ತಾನೆ ಅಂದರು. ಸಂಪ್ರದಾಯವಾದಿಗಳ ಆಕ್ಷೇಪ ಏನೆಂದರೆ, ಭಯವೇ ಇಲ್ಲದ ಮೇಲೆ ಪಾದ್ರಿಯ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಗೆ ಬರುವವರು ಯಾರು? ಆಕ್ಷೇಪ ಪೂರ್ತಿ ಪೊಳ್ಳಲ್ಲ. ಆದರೆ ಬೆತ್ತ ಇದ್ದರೆ ಮಾತ್ರ ಮಕ್ಕಳು ಓದುತ್ತಾರೆ ಅನ್ನುವವರ ವಾದದ ಹಾಗೇ ಇದೂ.

ಗುಡ್ಡ ಕುಸಿದಾಗ

ದೇವರ ಕೋಪದ ಮಾತು ಮಲೆನಾಡಿನಲ್ಲಿ ಜಾಸ್ತಿ ಕೇಳುವುದು ಮಳೆಗಾಲದಲ್ಲಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನ ಮಲೆಮನೆಯಂಥ ಊರುಗಳ ಮೇಲೆ ಗುಡ್ಡ ಜಾರಿತು. 2024ರ ಜುಲೈನಲ್ಲಿ ಸಕಲೇಶಪುರದ ಆಚೆ ಶಿರಾಡಿ ಘಾಟಿಯಲ್ಲಿ ಕುಸಿತ, ಅದೇ ತಿಂಗಳ ಕೊನೆಗೆ ವಯನಾಡು. ಇಂಥ ಹೊತ್ತಿನಲ್ಲಿ ‘ಅವರು ಹೀಗೆ ಮಾಡಿದರು, ಅದಕ್ಕೇ ದೇವರು ಹೀಗೆ ಮಾಡಿದ’ ಅನ್ನುವವರು ಎಲ್ಲ ಧರ್ಮದಲ್ಲೂ ಸಿಗುತ್ತಾರೆ.

ಕ್ರೈಸ್ತರು ಹೀಗೆ ಹೇಳಿದರೆ ಅವರ ಗ್ರಂಥವೇ ಅಡ್ಡ ಬರುತ್ತದೆ. ಯೆರೂಸಲೇಮಿನ ಸಿಲೊವಾಮ್ ಗೋಪುರ ಕುಸಿದು 18 ಜನ ಸತ್ತಾಗ ಯೇಸು ಕೇಳಿದ್ದು, ಅವರೇನು ಊರಿಗೆಲ್ಲ ದೊಡ್ಡ ಪಾಪಿಗಳಾ? ಅಲ್ಲ ಅಂತ ತಾನೇ ಉತ್ತರಿಸಿದ. ಆದರೆ ಅದೇ ಉಸಿರಿನಲ್ಲಿ, ನೀವು ತಿರುಗಿಕೊಳ್ಳದಿದ್ದರೆ ನಿಮಗೂ ನಾಶವೇ ಅಂದ. ಬರೀ ಸಮಾಧಾನದ ಮಾತಲ್ಲ ಅದು. ಆಮೇಲೆ ಫಲ ಬಿಡದ ಅಂಜೂರದ ಗಿಡದ ಕತೆ. ಯಜಮಾನ ಕಡಿಯಲು ಹೇಳಿದರೆ ತೋಟದಾಳು, ಇನ್ನೊಂದು ವರ್ಷ ನೋಡೋಣ ಸ್ವಾಮಿ, ಬುಡ ಬಿಡಿಸಿ ಗೊಬ್ಬರ ಹಾಕ್ತೀನಿ ಅನ್ನುತ್ತಾನೆ.

ಯೋಬನ ಕತೆ ಇನ್ನೂ ಖಾರ. ಮಕ್ಕಳು ಸತ್ತು, ಆಸ್ತಿ ಹೋಗಿ, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನ ಹತ್ತಿರ ಗೆಳೆಯರು ಬಂದು, ನೀನು ಏನೋ ಪಾಪ ಮಾಡಿರಬೇಕು ಅಂತ ಪುಟಗಟ್ಟಲೆ ದೇವರ ಪರ ವಾದಿಸುತ್ತಾರೆ. ಕೊನೆಗೆ ದೇವರು ‘ನನಗೆ ಕೋಪ ಬಂದಿದೆ’ ಅಂತ ಬಾಯಿಬಿಟ್ಟು ಹೇಳುವುದು ಯೋಬನಿಗಲ್ಲ, ಈ ಗೆಳೆಯರಿಗೆ. ದುರಂತವನ್ನು ದೇವರ ಶಿಕ್ಷೆ ಅಂತ ವಿವರಿಸಿದವರ ಮೇಲೇ ದೇವರ ಕೋಪ!

ಇದನ್ನು ಹಾಸನದ ಹತ್ತಿರದ ಶೆಟ್ಟಿಹಳ್ಳಿಗೆ ಅನ್ವಯಿಸಿ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ರೋಸರಿ ಚರ್ಚು ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧಂಬರ್ಧ ಮುಳುಗಿ, ಬೇಸಿಗೆಗೆ ಮತ್ತೆ ಮೇಲೇಳುತ್ತದೆ. ಚಾವಣಿ ಇಲ್ಲ, ಕಮಾನು ಉಳಿದಿದೆ, ಕಂಬದ ಸಂದಿಯಿಂದ ಆಕಾಶ ಕಾಣುತ್ತದೆ. ದೇವರ ಕೋಪಕ್ಕೆ ಮುಳುಗಿದ ಚರ್ಚು ಅಂತ ಯಾರಾದರೂ ಶೀರ್ಷಿಕೆ ಕೊಟ್ಟರೆ ಲೈಕು ಸಿಗಬಹುದು. ಮುಳುಗಿಸಿದ್ದು 1979ರಲ್ಲಿ ಮುಗಿದ ಗೊರೂರು ಅಣೆಕಟ್ಟು. ಚರ್ಚಿನ ಜೊತೆ ಹೊಲ, ಮನೆಗಳೂ ಹೋದವು. ದೇವರ ತಲೆಗೆ ಕಟ್ಟಿದರೆ ಆಗುವ ನಷ್ಟ ಏನೆಂದರೆ, ಯಾರು ತೀರ್ಮಾನ ಮಾಡಿದರು, ಯಾರಿಗೆ ಎಷ್ಟು ಪರಿಹಾರ ಸಿಕ್ಕಿತು ಅನ್ನುವ ಪ್ರಶ್ನೆಗಳು ನಿಂತುಹೋಗುತ್ತವೆ. ಘಾಟಿಯಲ್ಲಿ ಗುಡ್ಡವನ್ನು ನೆಟ್ಟಗೆ ಕಡಿದದ್ದೂ ಹಾಗೇ.

ಕೂಲಿಯ ಕೂಗು

ಅದೇ ಕೋಪ ಇನ್ನೊಂದು ದಿಕ್ಕಿಗೂ ತಿರುಗುತ್ತದೆ. ಬಡವನನ್ನು ಒಂದು ಜೊತೆ ಕೆರಕ್ಕೆ ಮಾರುವವರ ಮೇಲೆ ಪ್ರವಾದಿ ಆಮೋಸ ಸಿಡಿಯುತ್ತಾನೆ. ಯಾಕೋಬನ ಪತ್ರ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅನ್ನುತ್ತದೆ. ಕಾಫಿ ತೋಟದ ಲೈನ್ ಮನೆಯಲ್ಲಿ ಇದನ್ನು ಓದಿದರೆ ಕೇಳುವ ಅರ್ಥವೇ ಬೇರೆ, ಬಂಗಲೆಯಲ್ಲಿ ಓದಿದರೆ ಬೇರೆ. ಹೆದರಬೇಕಾದವರು ಬದಲಾಗುತ್ತಾರೆ.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮುಂದಿಟ್ಟ ಚಿಂತನೆ, ಮುಂದೆ ದಲಿತ ದೇವತಾಶಾಸ್ತ್ರ ಅಂತ ಬೆಳೆದದ್ದು, ಈ ಎಳೆಯನ್ನೇ ಹಿಡಿಯಿತು. ಯುಗೊಸ್ಲಾವಿಯಾದ ಯುದ್ಧ ಕಂಡ ಕ್ರೊಯೇಷಿಯಾದ ಧರ್ಮಪಂಡಿತ ಮಿರೊಸ್ಲಾವ್ ವೋಲ್ಫ್ ಕೂಡ ಹೇಳುವುದು ಇದನ್ನೇ. ಊರುಗಳು ಸುಟ್ಟಾಗಲೂ ಸಿಟ್ಟಾಗದ ದೇವರು ಪೂಜೆಗೆ ಯೋಗ್ಯನಲ್ಲ. ಇವರಿಗೆ ದೇವರ ಕೋಪ ಅಂದರೆ ನಮ್ಮ ಪರ ಒಬ್ಬನಾದರೂ ಇದ್ದಾನೆ ಅನ್ನುವ ಧೈರ್ಯ. ಹಾಸನಾಂಬೆಯ ಸೊಸೆಗೆ ಸಿಕ್ಕಿದ್ದೂ ಅದೇ ಅಲ್ವಾ?

ಹಾಗಾದರೆ ಕಾನೂನಿನಿಂದ ಆಗುವುದೇನು?

ಶೀರ್ಷಿಕೆಯ ಪ್ರಶ್ನೆಗೆ ನೇರ ಉತ್ತರ: ಬರೀ ಮಾತಿಗೆ ಆಗುವುದಿಲ್ಲ. ಮತಾಂತರಕ್ಕೋ ಅದರ ಪ್ರಯತ್ನಕ್ಕೋ ಆ ಮಾತನ್ನು ಗಂಟುಹಾಕಿದರೆ ಆಗಬಹುದು. ಕಷ್ಟ ಇರುವುದು ಆ ಗಂಟಿನಲ್ಲೇ.

ಕಾಯ್ದೆಯ ಪರ ಇರುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಕಾಯಿಲೆಯಲ್ಲಿ, ಸಾಲದಲ್ಲಿ ಕುಗ್ಗಿದವರಿಗೆ ‘ಇಲ್ಲಿ ಬರದಿದ್ದರೆ ಮಗುವಿಗೆ ಕೆಟ್ಟದಾಗುತ್ತೆ’ ಅಂತ ಹೇಳುವುದು ಹಿಂಸೆಯೇ. ಯಾವ ಧರ್ಮದವರು ಹೇಳಿದರೂ ಹಿಂಸೆಯೇ. ವಿರೋಧಿಸುವವರ ಮಾತಿನಲ್ಲೂ ಹುರುಳಿದೆ. ಪಾಪ, ತೀರ್ಪು, ಕೋಪ ಇವನ್ನು ಬಿಟ್ಟರೆ ಶುಭ ಶುಕ್ರವಾರದ ಬೋಧನೆಯನ್ನೇ ಮಾಡಲಾಗದು. ಇಂಥ ಕಾಯ್ದೆ ಇರುವಲ್ಲಿ ಮುಂದೆ ಆಗುವುದನ್ನು ಊಹಿಸುವುದು ಕಷ್ಟವಲ್ಲ. ದೊಡ್ಡ ಚರ್ಚುಗಳಲ್ಲಿ ಕೋಪದ ಮಾತು ಇನ್ನೂ ಮೆತ್ತಗಾಗುತ್ತದೆ, ಅದರ ಜೊತೆ ಆಮೋಸನೂ ಯಾಕೋಬನೂ ಮೆತ್ತಗಾಗುತ್ತಾರೆ. ಕೇಸು ಬೀಳುವುದು ವಕೀಲರನ್ನು ಇಟ್ಟುಕೊಳ್ಳಲಾಗದ ಸಣ್ಣ ಪ್ರಾರ್ಥನಾ ಮಂದಿರಗಳವರ ಮೇಲೆ. ಮನೆಯಲ್ಲಿ ಜಗಳ ಇದ್ದರೆ ದೂರು ಕೊಡಲು ಒಂದು ದಾರಿ ಜಾಸ್ತಿಯಾಗುತ್ತದೆ.

ನನಗೆ ಕಾಣುವಂತೆ ಒಡಿಶಾದವರು 1967ರಲ್ಲಿ ಅದನ್ನು ಬೆದರಿಕೆ ಅಂತ ಕರೆದದ್ದೇ ವಾಸಿ. ಬೆದರಿಕೆ ಅಂದರೆ ಯಾರು ಯಾರಿಗೆ ಹಾಕಿದರು ಅಂತ ನ್ಯಾಯಾಧೀಶರು ಕೇಳಬೇಕಾಗುತ್ತದೆ. ಆಮಿಷದ ಸಾಲಿನಲ್ಲಿ ಇಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ.

‘ಅನ್ಯಾಯ ಮಾಡಿದವರ ಮೇಲೆ ದೇವರು ಸಿಟ್ಟಾಗುತ್ತಾನೆ’ ಅನ್ನುವುದು ಒಂದು ಮಾತು. ‘ನಮ್ಮ ಸಭೆಗೆ ಸೇರದಿದ್ದರೆ ದೇವರು ನಿನ್ನ ಮೇಲೆ ಸಿಟ್ಟಾಗುತ್ತಾನೆ’ ಅನ್ನುವುದು ಇನ್ನೊಂದು. ಯಾವುದನ್ನು ಆಡಿದರು ಅಂತ ತೀರ್ಮಾನವಾಗುವುದು ಮೊದಲು ಕೋರ್ಟಿನಲ್ಲಿ ಅಲ್ಲ. ಠಾಣೆಯಲ್ಲಿ ದೂರುದಾರರು ಹೇಳುತ್ತಾ ಹೋಗುತ್ತಾರೆ, ರೈಟರ್ ಬರೆದುಕೊಳ್ಳುತ್ತಾ ಹೋಗುತ್ತಾರೆ, ಎಫ್‌ಐಆರ್‌ನಲ್ಲಿ ಉಳಿಯುವುದು ಅವರು ಬರೆದ ಸಾಲು.